ಐದು ವರ್ಷದಲ್ಲಿ ಕೆಲಸವೇ ಇರಲ್ಲವಂತೆ, ನಂಬಬಹುದಾ?

ಪ್ರಶ್ನೆ: ನಮಸ್ಕಾರ ಸರ್. ನಾನು ದಾವಣಗೆರೆಯವನು, ಸಣ್ಣ ವ್ಯಾಪಾರ ಇದೆ. ಮಗಳು ಸೆಕೆಂಡ್ ಪಿಯುಸಿ ಸೈನ್ಸ್ ಓದುತ್ತಿದ್ದಾಳೆ, ಕಂಪ್ಯೂಟರ್ ಸೈನ್ಸ್ ಮಾಡಬೇಕು ಅಂತಾಳೆ. ಎಐ ಬಂದು ಐದು ವರ್ಷದಲ್ಲಿ ಸಾಫ್ಟ್‌ವೇರ್ ಕೆಲಸವೇ ಇರಲ್ಲ ಅಂತ ಒಂದು ವಿಡಿಯೊ. ಎಐ ಓದದಿದ್ದರೆ ಮುಂದೆ ಅನ್ನವೇ ಇಲ್ಲ ಅಂತ ಇನ್ನೊಂದು. ಬೆಂಗಳೂರಿನ ಅಂಚಿನಲ್ಲಿ ಒಂದು 30-40 ಸೈಟ್ ನೋಡಿದ್ದೇವೆ. 'ಅಲ್ಲಿ ನೀರೇ ಮುಗಿದು ಹೋಗುತ್ತೆ, ದುಡ್ಡು ಹಾಕಬೇಡಿ' ಅಂತ ಭಾವಮೈದ ದಿನಾ ಒಂದು ಫಾರ್ವರ್ಡ್ ಕಳಿಸುತ್ತಾನೆ. ಇಷ್ಟು ಜನ ಇಷ್ಟು ಗಟ್ಟಿಯಾಗಿ ಭವಿಷ್ಯ ಹೇಳುವಾಗ ಯಾರ ಮಾತು ನಂಬಬೇಕು? ತೂಕ ಹಾಕಿ ನೋಡಲು ಏನಾದರೂ ದಾರಿ ಇದೆಯಾ?

ಉತ್ತರ: ದಾರಿ ಇದೆ. ಆದರೆ ನಂಬಬಹುದಾದವರ ಒಂದು ಪಟ್ಟಿ ಕೊಟ್ಟರೆ ನಿಮಗೆ ಉಪಯೋಗವಾಗದು. ಸಮಾಜದ ಭವಿಷ್ಯ ಹೇಳಲು ಹೋಗಿ ದೊಡ್ಡ ದೊಡ್ಡ ಪಂಡಿತರೇ ಎಡವಿದ್ದಾರೆ. ಕುತೂಹಲದ ವಿಷಯ ಏನೆಂದರೆ, ಅವರೆಲ್ಲ ಎಡವಿದ ಜಾಗ ಹೆಚ್ಚುಕಡಿಮೆ ಒಂದೇ. ಆ ಜಾಗ ಗುರುತು ಸಿಕ್ಕಿದರೆ ಭಾವಮೈದನ ಫಾರ್ವರ್ಡನ್ನು ನೀವೇ ತೂಗಬಹುದು.

ನಮ್ಮ ದೇಶದ ಬಗ್ಗೆಯೇ ಹೇಳಿದ್ದ ಒಂದು ಭವಿಷ್ಯ ತೆಗೆದುಕೊಳ್ಳೋಣ. 1965 ಮತ್ತು 1966ರಲ್ಲಿ ಸಾಲಾಗಿ ಎರಡು ವರ್ಷ ಮಳೆ ಕೈಕೊಟ್ಟಿತು. ಬಿಹಾರದಲ್ಲಿ ಭೀಕರ ಬರ. ಅಮೆರಿಕದ ಪಿಎಲ್ 480 ಅನ್ನುವ ನೆರವು ಯೋಜನೆಯ ಗೋಧಿ ಹಡಗಿನಲ್ಲಿ ಬಂದರೆ ರೇಷನ್, ಇಲ್ಲದಿದ್ದರೆ ಇಲ್ಲ ಅನ್ನುವ ಸ್ಥಿತಿ. 1966ರಲ್ಲಿ ಹೊರಗಿನಿಂದ ತರಿಸಿದ ಧಾನ್ಯವೇ ಸುಮಾರು 1 ಕೋಟಿ ಟನ್. ವಾರಕ್ಕೊಂದು ಹೊತ್ತು ಊಟ ಬಿಡಿ ಅಂತ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ ಜನರನ್ನು ಕೇಳಿಕೊಂಡಿದ್ದರು. ಸೋಮವಾರ ರಾತ್ರಿ ಒಲೆ ಹಚ್ಚದ ಕಥೆ ನಿಮ್ಮ ಮನೆಯ ಹಿರಿಯರ ನೆನಪಿನಲ್ಲೂ ಇರಬಹುದು.

ಆ ಹೊತ್ತಿನಲ್ಲಿ, 1967ರಲ್ಲಿ, ಅಮೆರಿಕದ ಪ್ಯಾಡಕ್ ಸಹೋದರರು 1975ರ ಹೊತ್ತಿಗೆ ಮಹಾ ಕ್ಷಾಮ ಖಚಿತ ಅಂತ ಬರೆದರು. ಒಬ್ಬರು ಕೃಷಿ ತಜ್ಞ, ಇನ್ನೊಬ್ಬರು ರಾಜತಾಂತ್ರಿಕರಾಗಿದ್ದವರು. ಯುದ್ಧದಲ್ಲಿ ಗಾಯಗೊಂಡವರನ್ನು ವಿಂಗಡಿಸುವ ರೀತಿಯಲ್ಲೇ ಅವರು ದೇಶಗಳನ್ನು ಮೂರು ಗುಂಪು ಮಾಡಿದರು. ತಾನಾಗಿ ಬದುಕಿಕೊಳ್ಳುವವು, ಸಹಾಯ ಮಾಡಿದರೆ ಬದುಕುವವು, ಏನು ಮಾಡಿದರೂ ಉಳಿಯದವು. ಭಾರತ ಮೂರನೆಯ ಗುಂಪಿನಲ್ಲಿತ್ತು. ಗೋಧಿ ಕಳಿಸಿದರೂ ದಂಡ ಅಂತ ಅದರ ಅರ್ಥ. ಮರುವರ್ಷ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೀವವಿಜ್ಞಾನಿ ಪಾಲ್ ಎರ್ಲಿಕ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 1970ರ ದಶಕದಲ್ಲಿ ಕೋಟಿಗಟ್ಟಲೆ ಜನ ಹಸಿವಿನಿಂದ ಸಾಯುತ್ತಾರೆ, ಈಗ ಯಾವ ಯೋಜನೆ ಹಾಕಿದರೂ ತಡವಾಗಿದೆ ಅಂದರು. ಇವರು ಯಾರೂ ಸುಮ್ನೆ ಮಾತಾಡುವವರಲ್ಲ. ಕೈಯಲ್ಲಿ ಅಂಕಿ ಅಂಶ ಇಟ್ಟುಕೊಂಡೇ ಹೇಳಿದ್ದರು.

ಅವರ ಒಂದು ಲೆಕ್ಕ ಸರಿಯಾಗಿಯೇ ಇತ್ತು. ಜನಸಂಖ್ಯೆ ಏರಿತು. 1961ರ ಜನಗಣತಿಯಲ್ಲಿ ಸುಮಾರು 44 ಕೋಟಿ ಇದ್ದವರು 2001ರಲ್ಲಿ ಸುಮಾರು 103 ಕೋಟಿ ಆದೆವು. ತಪ್ಪಿದ್ದು ಅನ್ನದ ಲೆಕ್ಕ. 1966ರಲ್ಲಿ ಕೃಷಿ ಸಚಿವ ಸಿ. ಸುಬ್ರಹ್ಮಣ್ಯಂ ಮೆಕ್ಸಿಕೋದಿಂದ 18 ಸಾವಿರ ಟನ್ ಗಿಡ್ಡ ತಳಿಯ ಗೋಧಿ ಬೀಜ ತರಿಸಿದರು. ಕೃಷಿ ವಿಜ್ಞಾನಿ ಎಂ.ಎಸ್. ಸ್ವಾಮಿನಾಥನ್ ಮತ್ತು ಅವರ ಜೊತೆಗಿದ್ದವರು ಅದನ್ನು ಅಷ್ಟರಲ್ಲಿ ಇಲ್ಲಿನ ಹೊಲಗಳಲ್ಲಿ ಬೆಳೆದು ತೋರಿಸಿದ್ದರು. 1965–66ರಲ್ಲಿ ಸುಮಾರು 1 ಕೋಟಿ ಟನ್ ಇದ್ದ ಗೋಧಿ ಬೆಳೆ 1967–68ಕ್ಕೆ 1.65 ಕೋಟಿ ಟನ್ ಮುಟ್ಟಿತು. 1970–71ಕ್ಕೆ 2.38 ಕೋಟಿ. 1968ರ ಸುಗ್ಗಿಯಲ್ಲಿ ಪಂಜಾಬಿನಲ್ಲಿ ಗೋಧಿ ಇಡಲು ಗೋದಾಮು ಸಾಲದೆ ಶಾಲೆಗಳಿಗೆ ರಜೆ ಕೊಟ್ಟು ಕ್ಲಾಸ್‌ರೂಮಿನಲ್ಲಿ ಮೂಟೆ ಪೇರಿಸಿದರು. ಎರ್ಲಿಕ್ ಅವರ ಮಾತು ಅಚ್ಚಾಗಿದ್ದೂ ಅದೇ ವರ್ಷ!

ನಾನು ಹೇಳಿದ ಎಡವುವ ಜಾಗ ಇದೇ. ಸಮಾಜದ ಭವಿಷ್ಯ ಹೇಳುವ ಯಾವ ಮಾತಿನಲ್ಲೂ ಎಣಿಸಿದ್ದು ಒಂದಿಷ್ಟು ಇರುತ್ತದೆ, ಊಹಿಸಿದ್ದು ಒಂದಿಷ್ಟು ಇರುತ್ತದೆ. ಎಣಿಸಿದ್ದು ಸಾಮಾನ್ಯವಾಗಿ ಸರಿಯಿರುತ್ತದೆ. ಕಷ್ಟ ಬಂದಾಗ ಜನ ಏನು ಮಾಡುತ್ತಾರೆ ಅನ್ನುವುದು ಊಹೆ, ಪೆಟ್ಟು ಬೀಳುವುದು ಅಲ್ಲಿ. ಹೇಳುವವರು ಎರಡನ್ನೂ ಒಂದೇ ದನಿಯಲ್ಲಿ ಹೇಳುತ್ತಾರೆ. ಎಣಿಕೆಯ ಧೈರ್ಯ ಊಹೆಗೂ ಅಂಟಿಕೊಳ್ಳುತ್ತದೆ. ಎಣಿಕೆ ಎಲ್ಲಿ ಮುಗಿಯಿತು, ಊಹೆ ಎಲ್ಲಿ ಶುರುವಾಯಿತು ಅಂತ ಗೆರೆ ಹಾಕುವುದು ಕೇಳುವವರ ಕೆಲಸ.

ಹಾಗಂತ ಎಲ್ಲ ಭವಿಷ್ಯವೂ ಬುರುಡೆ ಅಂತಲ್ಲ. ನಾನು ವೃತ್ತಿಯಲ್ಲಿ ಜನಸಂಖ್ಯೆಯ ಲೆಕ್ಕದವನು, ಸ್ವಲ್ಪ ನಮ್ಮವರ ಪರ ಮಾತಾಡಬೇಕಲ್ವಾ! 1958ರಲ್ಲಿ ವಿಶ್ವಸಂಸ್ಥೆ 2000ನೇ ಇಸವಿಗೆ ಜಗತ್ತಿನ ಜನಸಂಖ್ಯೆ ಸುಮಾರು 628 ಕೋಟಿ ಅಂತ ಅಂದಾಜು ಮಾಡಿತ್ತು. ಆಗಿದ್ದು ಸುಮಾರು 610 ಕೋಟಿ. 40 ವರ್ಷ ಮುಂದಿನ ಮಾತಿಗೆ ಇದು ಬಹಳ ಹತ್ತಿರ. ಒಳಗಿನ ಕೆಲವು ತಪ್ಪುಗಳು ಒಂದನ್ನೊಂದು ವಜಾ ಮಾಡಿಕೊಂಡಿದ್ದೂ ಉಂಟು, ಅದನ್ನು ಮುಚ್ಚಿಡುವುದಿಲ್ಲ. ಆದರೂ ಈ ಲೆಕ್ಕ ಕೈಕೊಡದೆ ಇರಲು ಒಂದು ಕಾರಣ ಇದೆ. 2040ರಲ್ಲಿ 18 ವರ್ಷ ತುಂಬುವ ಮಕ್ಕಳು 2022ರಲ್ಲೇ ಹುಟ್ಟಿ ಆಗಿದೆ. ಅವರನ್ನು ಊಹಿಸುವುದು ಬೇಕಿಲ್ಲ, ಅಂಗನವಾಡಿಗೆ ಹೋಗಿ ಎಣಿಸಿದರೆ ಸಾಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಹಾಗಾಗಿ 2040ರಲ್ಲಿ ನಮ್ಮ ಹಳ್ಳಿಗಳ ಕಾಲೇಜುಗಳಿಗೆ ಸೇರುವವರು ಕಡಿಮೆ ಇರುತ್ತಾರೆ ಅಂತ ಯಾರಾದರೂ ಹೇಳಿದರೆ ಧಾರಾಳವಾಗಿ ನಂಬಿ. 2100ರಲ್ಲಿ ಭಾರತದಲ್ಲಿ ಇಷ್ಟೇ ಜನ ಅಂತ ಹೇಳಿದರೆ ಸ್ವಲ್ಪ ಅನುಮಾನ ಇಟ್ಟುಕೊಂಡೇ ಕೇಳಿ. ಇನ್ನೂ ಹುಟ್ಟದವರು ಎಷ್ಟು ಮಕ್ಕಳನ್ನು ಹೆರುತ್ತಾರೆ ಅನ್ನುವುದು ಅದರಲ್ಲಿ ಸೇರಿದೆ.

ತಪ್ಪು ಭವಿಷ್ಯ ಸುಳ್ಳಾಗಿ ಮರೆತುಹೋದರೆ ಪರವಾಗಿಲ್ಲ. ಅದನ್ನು ನಂಬಿ ಅಧಿಕಾರದಲ್ಲಿ ಇರುವವರು ಕೆಲಸ ಮಾಡಿಬಿಟ್ಟರೆ ಕಷ್ಟ. ಜನಸಂಖ್ಯೆ ಸ್ಫೋಟದ ಭಯ ತುರ್ತು ಪರಿಸ್ಥಿತಿಯಲ್ಲಿ ಏನು ಮಾಡಿಸಿತು ಅಂತ ಗೊತ್ತೇ ಇದೆ. 1976–77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆ, ಅದರಲ್ಲಿ ಬಲವಂತದವು ಎಷ್ಟೋ. ಜನನ ನಿಯಂತ್ರಣದ ಕೆಲಸವನ್ನು ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಆಸ್ಪತ್ರೆಯಲ್ಲಿ ಕ್ಲಿನಿಕ್ ತೆರೆದು, ಬೇಕಾದವರು ಬರಲಿ ಅಂತ ಸದ್ದಿಲ್ಲದೆ ಶುರು ಮಾಡಿತ್ತು. ಕೊನೆಗೆ ದಕ್ಷಿಣದಲ್ಲಿ ಮಕ್ಕಳ ಸಂಖ್ಯೆ ಇಳಿದದ್ದು ಹೆಣ್ಣುಮಕ್ಕಳ ಓದು, ಆಸ್ಪತ್ರೆ, ಹುಟ್ಟಿದ ಮಗು ಉಳಿಯುತ್ತದೆ ಅನ್ನುವ ಧೈರ್ಯದಿಂದ. ಈಗ ನೋಡಿ, 2024ರಲ್ಲಿ ಆಂಧ್ರ, ತಮಿಳುನಾಡಿನ ಮುಖ್ಯಮಂತ್ರಿಗಳು ಜಾಸ್ತಿ ಮಕ್ಕಳು ಮಾಡಿಕೊಳ್ಳಿ ಅನ್ನುವ ಧಾಟಿಯಲ್ಲಿ ಮಾತಾಡಿದರು. ಆಗ ಏರುತ್ತಿದ್ದ ಗೆರೆಯನ್ನು ಆಕಾಶದವರೆಗೆ ಎಳೆದರು, ಈಗ ಇಳಿಯುತ್ತಿರುವ ಗೆರೆಯನ್ನು ಪಾತಾಳದವರೆಗೆ ಎಳೆಯುತ್ತಿದ್ದಾರೆ.

ನಿಮ್ಮ ಭಾವಮೈದನ ನೀರಿನ ಮಾತಿಗೆ ಬರೋಣ. ಅದರ ಬೇರು ಎಲ್ಲಿದೆ ಗೊತ್ತಾ? 2018ರ ಜೂನ್‌ನಲ್ಲಿ ನೀತಿ ಆಯೋಗ ಒಂದು ವರದಿ ತಂದಿತು. ಬೆಂಗಳೂರು, ದೆಹಲಿ, ಚೆನ್ನೈ, ಹೈದರಾಬಾದ್ ಸೇರಿ 21 ನಗರಗಳಲ್ಲಿ 2020ರ ಹೊತ್ತಿಗೆ ಅಂತರ್ಜಲ ಮುಗಿಯುತ್ತದೆ, 10 ಕೋಟಿ ಜನಕ್ಕೆ ತೊಂದರೆ ಅಂತ ಅದರಲ್ಲಿತ್ತು. ಎಲ್ಲ ಪತ್ರಿಕೆಗಳಲ್ಲೂ ತಲೆಬರಹ. ಆಮೇಲೆ ಆ ಮಾತಿನ ಮೂಲ ಹುಡುಕಿಕೊಂಡು ಹೋದ ಪತ್ರಕರ್ತರಿಗೆ ಅದನ್ನು ಹೊರುವಷ್ಟು ಗಟ್ಟಿ ಅಧ್ಯಯನ ಸಿಗಲಿಲ್ಲ. 2020 ಬಂತು, ಹೋಯಿತು. ಬೋರ್‌ವೆಲ್‌ಗಳಲ್ಲಿ ನೀರು ಬರುತ್ತಲೇ ಇತ್ತು.

ಇಲ್ಲೂ ಗೆರೆ ಹಾಕಿ ನೋಡಿ. ಕೇಂದ್ರ ಅಂತರ್ಜಲ ಮಂಡಳಿ ಎಣಿಸುವುದು ಏನನ್ನು? ವರ್ಷಕ್ಕೆ ಎಷ್ಟು ನೀರು ಇಂಗುತ್ತದೆ, ಎಷ್ಟು ಎತ್ತುತ್ತೇವೆ ಅಂತ. ಎತ್ತುವುದು ಇಂಗುವುದಕ್ಕಿಂತ ಜಾಸ್ತಿ ಆದರೆ ಅದು 'ಅತಿ ಬಳಕೆ'ಯ ಜಾಗ. ಬೆಂಗಳೂರು ನಗರ, ಕೋಲಾರ ಎಲ್ಲ ಆ ಪಟ್ಟಿಯವೇ. ಅದು ನಿಜ, ಗಂಭೀರವೂ ಹೌದು. ಆದರೆ ಸಂಬಳಕ್ಕಿಂತ ಖರ್ಚು ಜಾಸ್ತಿ ಇದೆ ಅಂದ ಮಾತ್ರಕ್ಕೆ ದುಡ್ಡು ಯಾವ ತಿಂಗಳು ಖಾಲಿಯಾಗುತ್ತದೆ ಅಂತ ಹೇಳಲಾಗದು. ಬ್ಯಾಂಕಿನಲ್ಲಿ ಎಷ್ಟಿದೆ ಅಂತ ಗೊತ್ತಿರಬೇಕು. ನೆಲದಡಿಯ ಗಟ್ಟಿ ಬಂಡೆಯ ಬಿರುಕುಗಳಲ್ಲಿ ಎಷ್ಟು ನೀರಿದೆ ಅನ್ನುವುದನ್ನು ಆ ಲೆಕ್ಕ ಹೇಳುವುದಿಲ್ಲ. ಹೀಗಿದ್ದೂ 2020 ಅನ್ನುವ ಇಸವಿ ಎಲ್ಲಿಂದ ಬಂತು ಅಂತ ಕೇಳಿದರೆ ಉತ್ತರ ಇಲ್ಲ.

ಭಾವಮೈದ ಬಿಡುವುದಿಲ್ಲ, 2019ರ ಚೆನ್ನೈ ತೋರಿಸುತ್ತಾರೆ. ಜಲಾಶಯಗಳು ಒಣಗಿ ಜೋಲಾರಪೇಟೆಯಿಂದ ರೈಲಿನಲ್ಲಿ ನೀರು ತಂದರಲ್ಲ ಅಂತಾರೆ. 2024ರ ಮಾರ್ಚ್‌ನ ಬೆಂಗಳೂರು ತೋರಿಸುತ್ತಾರೆ. ಸಾವಿರಾರು ಬೋರ್‌ವೆಲ್ ಬತ್ತಿ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5 ಸಾವಿರ ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತಲ್ಲ ಅಂತಾರೆ. ಎರಡೂ ನಡೆದದ್ದೇ. ಆದರೆ ಅವು ಹಿಂದಿನ ವರ್ಷದ ಮಳೆ ಕೈಕೊಟ್ಟದ್ದರಿಂದ ಬಂದ ಸಂಕಟ, ಮಳೆ ಬಂದ ಮೇಲೆ ಇಳಿದವು. ನೀರಿನ ಕಷ್ಟ ಇದೆ ಅನ್ನುವುದು ಒಂದು ಮಾತು, ಈ ಇಸವಿಗೆ ನೀರು ಮುಗಿಯುತ್ತದೆ ಅನ್ನುವುದು ಬೇರೆಯೇ ಮಾತು. ಮೊದಲನೆಯದು ನಿಜ ಆದಾಗಲೆಲ್ಲ ಎರಡನೆಯದನ್ನೂ ಅದರ ಖಾತೆಗೆ ಸೇರಿಸಿಬಿಡುತ್ತೇವೆ.

ಇದರ ಇನ್ನೊಂದು ಮಗ್ಗುಲೂ ಇದೆ. 2018ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ನಗರ ನಲ್ಲಿ ಬಂದ್ ಆಗುವ ದಿನವನ್ನೇ ಸಾರಿತು. ಏಪ್ರಿಲ್‌ನಲ್ಲಿ ಅಂದಿತು. ತಲೆಗೆ ದಿನಕ್ಕೆ 50 ಲೀಟರ್ ಅಂತ ಮಿತಿ ಹಾಕಿತು. ಜನ ಹೆದರಿ ಬಳಕೆ ಇಳಿಸಿದರು, ಆ ದಿನ ಬರಲೇ ಇಲ್ಲ. ಆ ಭವಿಷ್ಯ ಸುಳ್ಳಾದದ್ದು ಜನ ಅದನ್ನು ನಂಬಿದ್ದರಿಂದ. ಅದಕ್ಕೆ ಆಮೇಲೆ ನಿಜವಾಯಿತಾ ಇಲ್ಲವಾ ಅನ್ನುವುದೊಂದನ್ನೇ ನೋಡಿ ಹೇಳಿದವರನ್ನು ಅಳೆಯಬಾರದು. ಕೇಪ್‌ಟೌನಿನವರು ದಿನಾಂಕ ಕೊಟ್ಟರು, ಜಲಾಶಯದ ಮಟ್ಟ ತೋರಿಸಿದರು, ಬಳಕೆ ಇಳಿದರೆ ದಿನಾಂಕ ಮುಂದೆ ಹೋಗುತ್ತದೆ ಅಂದರು, ಹಾಗೇ ಮುಂದೆ ಹಾಕುತ್ತಾ ಬಂದರು. ಭವಿಷ್ಯ ಹೇಳುವುದಾದರೆ ಹೀಗೆ ಹೇಳಬೇಕು.

ಈಗ ಮಗಳ ವಿಷಯ. 2016ರಲ್ಲಿ ಟೊರಾಂಟೊದಲ್ಲಿ ಜೆಫ್ರಿ ಹಿಂಟನ್ ಒಂದು ಮಾತು ಹೇಳಿದರು. ಇವತ್ತಿನ ಎಐಗೆ ಅಡಿಪಾಯ ಹಾಕಿದವರಲ್ಲಿ ಒಬ್ಬರು, 2024ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದವರು. ಇವರಿಗಿಂತ ದೊಡ್ಡ ತಜ್ಞರನ್ನು ತರಲು ಯಾವ ವಿಡಿಯೊದವರಿಂದಲೂ ಆಗದು. ರೇಡಿಯಾಲಜಿಸ್ಟ್‌ಗಳಿಗೆ, ಅಂದರೆ ಎಕ್ಸ್‌ರೇ, ಸ್ಕ್ಯಾನ್ ನೋಡಿ ರೋಗ ಗುರುತಿಸುವ ಡಾಕ್ಟರುಗಳಿಗೆ, ತರಬೇತಿ ಕೊಡುವುದನ್ನು ಈಗಲೇ ನಿಲ್ಲಿಸಬೇಕು, ಐದು ವರ್ಷದಲ್ಲಿ ಯಂತ್ರವೇ ಅವರಿಗಿಂತ ಚೆನ್ನಾಗಿ ಮಾಡುತ್ತದೆ, ಹೆಚ್ಚೆಂದರೆ ಹತ್ತು ಅಂದರು. ಆ ಡಾಕ್ಟರುಗಳು ಆಗಲೇ ಬಂಡೆಯ ಅಂಚು ದಾಟಿ ಹೋಗಿದ್ದಾರೆ, ಕೆಳಗೆ ನೋಡಿಲ್ಲ ಅಷ್ಟೇ ಅಂತ ಒಂದು ಕಾರ್ಟೂನ್ ಪ್ರಾಣಿಯ ಹೆಸರು ಹೇಳಿ ನಗಿಸಿದರು.

ಯಂತ್ರದ ಬಗ್ಗೆ ಅವರು ಹೇಳಿದ್ದರಲ್ಲಿ ಬಹಳಷ್ಟು ಸರಿ. ಎಕ್ಸ್‌ರೇ, ಸ್ಕ್ಯಾನ್ ನೋಡಿ ಗುರುತಿಸುವ ಸಾಫ್ಟ್‌ವೇರ್‌ಗಳು ಬಂದವು, ಆಸ್ಪತ್ರೆಗಳಲ್ಲಿ ಬಳಕೆಯಲ್ಲೂ ಇವೆ. ಡಾಕ್ಟರ ಬಗ್ಗೆ ಹೇಳಿದ್ದು ಮಾತ್ರ ತಪ್ಪಿತು. ರೇಡಿಯಾಲಜಿಸ್ಟ್ ಚಿತ್ರ ನೋಡುವುದಷ್ಟೇ ಮಾಡುವುದಿಲ್ಲ. ಸರ್ಜನ್ ಜೊತೆ ಕೂತು ಮಾತಾಡಬೇಕು, ಸೂಜಿ ಹಾಕಿ ಸ್ಯಾಂಪಲ್ ತೆಗೆಯಬೇಕು, ರಿಪೋರ್ಟಿಗೆ ಸಹಿ ಹಾಕಿ ಹೊಣೆ ಹೊರಬೇಕು. ಇನ್ನೊಂದು ಕಡೆ ಸ್ಕ್ಯಾನ್ ಮಾಡಿಸುವವರ ಸಂಖ್ಯೆಯೇ ಏರಿತು. ನಮ್ಮಲ್ಲಿ ಇವತ್ತಿಗೂ ನೀಟ್ ಪಿಜಿಯಲ್ಲಿ ಮೇಲಿನ ರ‍್ಯಾಂಕಿನವರು ಮೊದಲು ಹಿಡಿಯುವ ಸೀಟುಗಳಲ್ಲಿ ರೇಡಿಯಾಲಜಿ ಒಂದು. ಆಗ ಆ ಮಾತು ಕೇಳಿ ಸೀಟು ಬಿಟ್ಟ ಹುಡುಗನ ಪರಿಸ್ಥಿತಿ ಯೋಚಿಸಿ. ತಾನು ಆವತ್ತು ತೀರಾ ಸಾರಾಸಗಟಾಗಿ ಮಾತಾಡಿಬಿಟ್ಟೆ ಅಂತ ಹಿಂಟನ್ ಆಮೇಲೆ ತಾವೇ ಹೇಳಿದರು. ಹಾಗೆ ಒಪ್ಪುವವರು ಕಡಿಮೆ.

ಯಂತ್ರ ಬಲ್ಲವರಿಗೆ ಯಂತ್ರದ ಭವಿಷ್ಯ ಗೊತ್ತಿರಬಹುದು. ಆಸ್ಪತ್ರೆಯ ಆಡಳಿತ, ಕಾನೂನು, ರೋಗಿಯ ಮನಸ್ಸು ಗೊತ್ತಿರಬೇಕು ಅಂತೇನಿಲ್ಲ. 1930ರಲ್ಲಿ ಅರ್ಥಶಾಸ್ತ್ರಜ್ಞ ಕೇನ್ಸ್ ನೂರು ವರ್ಷದಲ್ಲಿ ಮುಂದುವರಿದ ದೇಶಗಳ ಜೀವನಮಟ್ಟ ನಾಲ್ಕರಿಂದ ಎಂಟು ಪಟ್ಟು ಆಗುತ್ತದೆ, ಜನ ವಾರಕ್ಕೆ 15 ಗಂಟೆ ಮಾತ್ರ ದುಡಿಯುತ್ತಾರೆ ಅಂದಿದ್ದರು. ಮೊದಲನೆಯದು ಆಯಿತು. ಎರಡನೆಯದರ ಬಗ್ಗೆ ಬೆಂಗಳೂರಿನ ಯಾವ ಐಟಿ ಉದ್ಯೋಗಿಯನ್ನಾದರೂ ಕೇಳಿ.

ಮಾತಿನಲ್ಲಿ ಇಸವಿ, ಸಂಖ್ಯೆ ಎರಡೂ ಇಲ್ಲದಿದ್ದರೆ ತೂಗುವ ಶ್ರಮವನ್ನೇ ತೆಗೆದುಕೊಳ್ಳಬೇಡಿ. ಹೂವಿನಹಡಗಲಿ ಹತ್ತಿರ ಮೈಲಾರದಲ್ಲಿ ಭರತ ಹುಣ್ಣಿಮೆ ಜಾತ್ರೆಗೆ ಗೊರವಯ್ಯ ಬಿಲ್ಲೇರಿ 'ಸದ್ದಲೇ' ಅಂತ ಕೂಗಿ ಒಂದು ಸಾಲು ಕಾರ್ಣಿಕ ನುಡಿಯುತ್ತಾರೆ. ಅಷ್ಟು ದೊಡ್ಡ ಜಂಗುಳಿ ಉಸಿರು ಬಿಗಿಹಿಡಿದು ಕೇಳುತ್ತದೆ. ಆ ಸಾಲಿನಲ್ಲಿ ರೈತರು ಮಳೆ ಕಾಣುತ್ತಾರೆ, ರಾಜಕಾರಣಿಗಳು ಕುರ್ಚಿ ಕಾಣುತ್ತಾರೆ. ಅಲ್ಲಿ ಯಾರಿಗೂ ಮೋಸ ಇಲ್ಲ. ಅರ್ಥ ನಾವು ಹಚ್ಚಿಕೊಳ್ಳಬೇಕು ಅಂತ ಎಲ್ಲರಿಗೂ ಗೊತ್ತು, ಅದು ಭಕ್ತಿಯ ವಿಷಯ. ಟೈ ಕಟ್ಟಿಕೊಂಡು ಟಿವಿಯಲ್ಲಿ ಕೂತವರು 'ಮುಂಬರುವ ದಿನಗಳಲ್ಲಿ ಉದ್ಯೋಗ ಕ್ಷೇತ್ರದಲ್ಲಿ ಭಾರಿ ಬದಲಾವಣೆ ಆಗಬಹುದು' ಅಂದಾಗ ಅದೂ ಕಾರ್ಣಿಕವೇ. ವಿಶ್ಲೇಷಣೆ ಅಂತ ಹೆಸರು ಹಾಕಿ ಮಾರುತ್ತಾರೆ ಅಷ್ಟೇ.

ಟಿವಿ ಅಂದೆನಲ್ಲ, ಅಲ್ಲಿ ಕೂರುವಂಥ ತಜ್ಞರ ಮೇಲೆ ಒಂದು ದೊಡ್ಡ ಅಧ್ಯಯನವೇ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಫಿಲಿಪ್ ಟೆಟ್ಲಾಕ್ 1984ರಿಂದ ಸುಮಾರು 20 ವರ್ಷ 284 ತಜ್ಞರಿಂದ 80 ಸಾವಿರಕ್ಕೂ ಹೆಚ್ಚು ಭವಿಷ್ಯ ಬರೆಸಿಕೊಂಡು ಒಂದೊಂದಕ್ಕೂ ಅಂಕ ಹಾಕಿದರು. ಮೂರು ನಾಲ್ಕು ವರ್ಷ ದಾಟಿದ ಭವಿಷ್ಯಗಳಲ್ಲಿ ಬಹಳ ಜನ ಕಣ್ಣುಮುಚ್ಚಿ ಹೇಳಿದವರಿಗಿಂತ ಹೆಚ್ಚೇನೂ ಗೆಲ್ಲಲಿಲ್ಲ. ಹೆಸರುವಾಸಿಯಾದವರು, ಒಂದೇ ದೊಡ್ಡ ಸಿದ್ಧಾಂತದಲ್ಲಿ ಎಲ್ಲವನ್ನೂ ವಿವರಿಸುವವರು ಇನ್ನೂ ಹಿಂದೆ. 'ಆದರೆ', 'ಇನ್ನೊಂದು ಕಡೆ' ಅಂತ ತಡವರಿಸುತ್ತಾ ನಾಲ್ಕು ಕಡೆಯಿಂದ ಮಾಹಿತಿ ಹೆಕ್ಕುವವರು ಮುಂದೆ. ಇಂಥವರನ್ನು ಚಾನೆಲ್‌ನವರು ಎರಡನೇ ಸಲ ಕರೆಯುವುದಿಲ್ಲ. 2011ರಿಂದ ನಡೆದ, ಭವಿಷ್ಯ ಹೇಳುವ ಒಂದು ಸ್ಪರ್ಧೆಯಲ್ಲಿ ಚೆನ್ನಾಗಿ ಗೆದ್ದ ಸಾಮಾನ್ಯ ಜನರ ಗುಟ್ಟು ಇಷ್ಟೇ: 'ನೂರಕ್ಕೆ 60' ಅಂತ ಸಂಖ್ಯೆಯಲ್ಲಿ ಹೇಳುವುದು, ಹೊಸ ಸುದ್ದಿ ಬಂದಾಗ ಅದನ್ನು 65 ಅಥವಾ 55 ಮಾಡುವುದು.

ಒಂದು ಸಲ ಸರಿಯಾದ ಮಾತ್ರಕ್ಕೂ ಮರುಳಾಗಬೇಡಿ. ಅದೇ ಎರ್ಲಿಕ್ 1980ರಲ್ಲಿ ಅರ್ಥಶಾಸ್ತ್ರಜ್ಞ ಜೂಲಿಯನ್ ಸೈಮನ್ ಜೊತೆ ಪಂಥ ಕಟ್ಟಿದರು. ಐದು ಲೋಹಗಳ ಬೆಲೆ ಹತ್ತು ವರ್ಷದಲ್ಲಿ ಏರುತ್ತದೆ ಅಂತ ಎರ್ಲಿಕ್, ಇಳಿಯುತ್ತದೆ ಅಂತ ಸೈಮನ್. 1990ರಲ್ಲಿ ಎರ್ಲಿಕ್ ಸೋತು 576 ಡಾಲರ್ 7 ಸೆಂಟ್ ಚೆಕ್ ಕಳಿಸಿದರು. ಈ ಕಥೆ ಹೇಳುವವರು ಇಲ್ಲಿಗೇ ನಿಲ್ಲಿಸುತ್ತಾರೆ. ಇದೇ ಪಂಥವನ್ನು ಬೇರೆ ಬೇರೆ ವರ್ಷಗಳಿಂದ ಶುರು ಮಾಡಿ ಲೆಕ್ಕ ಹಾಕಿದವರಿಗೆ, ಬಹಳಷ್ಟು ಸಲ ಎರ್ಲಿಕ್ ಗೆಲ್ಲುತ್ತಿದ್ದರು ಅಂತ ಗೊತ್ತಾಯಿತು. ಅದಕ್ಕೆ ನೀವು ನೋಡಿದ ವಿಡಿಯೊದವರ ಮೂರು ವರ್ಷ ಹಿಂದಿನ ವಿಡಿಯೊಗಳನ್ನೂ ಹುಡುಕಿ ನೋಡಿ. ಎಷ್ಟು ಡಿಲೀಟ್ ಆಗಿವೆ ಅನ್ನುವುದೂ ಒಂದು ಮಾಹಿತಿ. ಕೊನೆಯಲ್ಲಿ ಎಐ ಕೋರ್ಸಿನ ಲಿಂಕ್ ಇದ್ದರೆ ಆ ಭವಿಷ್ಯದ ಉದ್ದೇಶ ಏನು ಅಂತ ನಾನು ಬಿಡಿಸಿ ಹೇಳಬೇಕಾ?

ಮಗಳ ಮಟ್ಟಿಗೆ ಎಣಿಸಬಹುದಾದದ್ದು ಏನಿದೆ? 2024–25ರಿಂದ ಒಳ್ಳೆಯ ಸಾಧನೆಯ ಕಾಲೇಜುಗಳಿಗೆ ಸೀಟಿನ ಮಿತಿಯನ್ನು ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಕೇಂದ್ರದ ಸಂಸ್ಥೆ ಎಐಸಿಟಿಇ ತೆಗೆದುಹಾಕಿತು. ಕಂಪ್ಯೂಟರ್ ಸೈನ್ಸ್ ಸೀಟು ಬಹಳ ಕಡೆ ಏರಿವೆ. ಆಗ ಸೇರಿದವರು 2028ರಲ್ಲಿ ಡಿಗ್ರಿ ಹಿಡಿದು ಹೊರಗೆ ಬರುತ್ತಾರೆ. ನಿಮ್ಮ ಮಗಳು ಬರುವಾಗ ಸಾಲು ಉದ್ದವಾಗಿಯೇ ಇರುತ್ತದೆ, ಅದು ಖಚಿತ. ಕಂಪನಿಗಳು ಕೈ ಬಿಗಿ ಹಿಡಿದಿರುವುದೂ ಕಾಣುತ್ತಿದೆ. 2025ರ ಜುಲೈನಲ್ಲಿ ಟಿಸಿಎಸ್ ಸುಮಾರು 12 ಸಾವಿರ ಜನರನ್ನು, ನೂರಕ್ಕೆ 2ರಷ್ಟು ಸಿಬ್ಬಂದಿಯನ್ನು ತೆಗೆಯುವುದಾಗಿ ಹೇಳಿತು. 'ಐದು ವರ್ಷದಲ್ಲಿ ಕೆಲಸವೇ ಇರಲ್ಲ' ಅನ್ನುವುದು ಮಾತ್ರ ಊಹೆ. ಹಾಗಾಗಿ ಎರಡೂ ವಿಡಿಯೊ ತಪ್ಪಾದರೆ ನಷ್ಟ ಆಗದ ಆಯ್ಕೆ ನೋಡಿ. ಅವಳಿಗೆ ಗಣಿತ ಇಷ್ಟ ಇದ್ದರೆ, ಪಾಠ ಮಾಡುವವರು ಗಟ್ಟಿ ಇರುವ ಕಾಲೇಜು ಸಿಕ್ಕರೆ ಕಂಪ್ಯೂಟರ್ ಸೈನ್ಸ್ ಓದಲಿ. ಬೋರ್ಡಿನ ಮೇಲೆ ಎಐ ಅಂತ ಇದೆ ಅನ್ನುವ ಒಂದೇ ಕಾರಣಕ್ಕೆ ಮ್ಯಾನೇಜ್‌ಮೆಂಟ್ ಸೀಟಿಗೆ ಸಾಲ ಮಾಡಬೇಡಿ. ಸಾಲ ಮಾಡಿದರೆ ಭವಿಷ್ಯ ನಿಜವಾಗಲೇಬೇಕಾಗುತ್ತದೆ.

ಸೈಟಿನದು ಇದಕ್ಕಿಂತ ಸುಲಭ. ಅಲ್ಲಿ ಬೇಕಾದ ಮಾಹಿತಿ ಎಲ್ಲ ಇವತ್ತಿನದೇ. 2024ರ ಅಕ್ಟೋಬರ್‌ನಲ್ಲಿ ಶುರುವಾದ ಕಾವೇರಿ 5ನೇ ಹಂತ ದಿನಕ್ಕೆ 77.5 ಕೋಟಿ ಲೀಟರ್ ನೀರು ಕೊಡುವ ಯೋಜನೆ, ನಗರಕ್ಕೆ ಸೇರಿದ 110 ಹಳ್ಳಿಗಳಿಗೆ ಅಂತ ಮಾಡಿದ್ದು. ನೀವು ನೋಡಿದ ಬಡಾವಣೆ ಆ 110ರಲ್ಲಿ ಇದೆಯಾ ಅಂತ ಜಲಮಂಡಳಿಯಲ್ಲಿ ಕೇಳಿ. 'ಬರುತ್ತೆ ಸರ್' ಅಂತ ಬ್ರೋಕರ್ ಹೇಳಿದರೆ ರಸ್ತೆಯಲ್ಲಿ ಪೈಪ್ ಹಾಕಿದ್ದಾರಾ ನೋಡಿ. ಅಕ್ಕಪಕ್ಕದ ನಾಲ್ಕು ಮನೆಯವರನ್ನು ಬೋರ್‌ವೆಲ್ ಎಷ್ಟು ಅಡಿ, ಯಾವ ವರ್ಷ ಕೊರೆಸಿದ್ದು, ಎರಡನೇದು ಕೊರೆಸಬೇಕಾಯಿತಾ ಅಂತ ವಿಚಾರಿಸಿ. ಟ್ಯಾಂಕರ್ ತಿಂಗಳಿಗೆ ಎಷ್ಟು ಬರುತ್ತದೆ, ಎಷ್ಟು ಕೊಡುತ್ತಾರೆ ಅಂತಲೂ ಕೇಳಿ. ಇದನ್ನೆಲ್ಲ ಏಪ್ರಿಲ್‌ನಲ್ಲಿ ಹೋಗಿ ಕೇಳಬೇಕು. ಆಗಸ್ಟ್‌ನಲ್ಲಿ ತೋರಿಸುತ್ತೇನೆ ಅಂದರೆ ಒಪ್ಪಬೇಡಿ. ಹೋಗುವಾಗ ಭಾವಮೈದನನ್ನೂ ಕರೆದುಕೊಂಡು ಹೋಗಿ.